ಶ್ರುತಿಗೆ ಹೆಸರಿಟ್ಟ ಬಗೆ

ತಾರಮಂಗಲಂ ಇರುವ ಸೇಲಂ ಸೀಮೆಯಲ್ಲಿ ಸಂಗೀತಕ್ಕೆ ಒಂದೇ ಭಾಷೆಯೆಂಬುದಿಲ್ಲ. ಗಟ್ಟಿ ಮುದಲಿಗಳು ಕಟ್ಟಿಸಿದ ಕೈಲಾಸನಾಥ ದೇವಾಲಯದಂಥ ಶಿವಾಲಯಗಳ ಪರಂಪರೆ ತಮಿಳು ತೇವಾರದ್ದು. ಕಛೇರಿಯಲ್ಲಿ ತೆಲುಗು ಕೃತಿಗಳೇ ಹೆಚ್ಚು. ನೇಕಾರ ದೇವಾಂಗರಲ್ಲಿ ಅನೇಕರ ಮನೆಮಾತು ಕನ್ನಡ. ಶಾಸ್ತ್ರಗ್ರಂಥಗಳು ಬಹುಪಾಲು ಸಂಸ್ಕೃತದಲ್ಲಿವೆ. ಸ್ವರಕ್ಕಿಂತ ಸಣ್ಣದಾದ ನಾದದ ಅಂತರಗಳನ್ನು, ಅಂದರೆ ಶ್ರುತಿಗಳನ್ನು, ಹೆಸರಿಸುವ ಮತ್ತು ಬರೆದಿಡುವ ಪದಗಳು ದಕ್ಷಿಣದಲ್ಲಿ ಈ ಭಾಷೆಗಳ ನಡುವೆಯೇ ಓಡಾಡಿವೆ. ಈ ಓಡಾಟದಲ್ಲಿ ಎಣಿಕೆಯೂ ಬೆರಳಿನ ಕೆಲಸದ ಮಾತೂ ಉಳಿದುಕೊಂಡವು. ಪಂಡಿತರಿಟ್ಟ ಹೆಸರುಗಳು ಮಾತ್ರ ಅರ್ಥ ಬದಲಿಸುತ್ತ ಹೋದವು.

ತಮಿಳಿನಲ್ಲಿ ಏಳು ಸ್ವರಗಳಿಗೆ ಕುರಲ್, ತುತ್ತಂ, ಕೈಕ್ಕಿಳೈ, ಉಳೈ, ಇಳಿ, ವಿಳರಿ, ತಾರಂ ಎಂಬ ಹಳೆಯ ಹೆಸರುಗಳಿವೆ. ಇವುಗಳ ಬಗ್ಗೆ ವಿವರ ಸಿಗುವುದು ಶಿಲಪ್ಪದಿಕಾರಕ್ಕೆ ಅಡಿಯಾರ್ಕುನಲ್ಲಾರ್ ಬರೆದ ವ್ಯಾಖ್ಯಾನದಲ್ಲಿ. ಆತ ಕೊಂಗುನಾಡಿನವನೆಂದು ಪ್ರತೀತಿ. ಸೇಲಂ ಕೂಡ ಅದೇ ನಾಡಿನ ಅಂಚು. ಆ ಏಳಕ್ಕೆ ಕ್ರಮವಾಗಿ 4, 4, 3, 2, 4, 3, 2 ಮಾತ್ರೆಗಳು, ಒಟ್ಟು 22. ಭರತನ ಷಡ್ಜಗ್ರಾಮದಲ್ಲಿಯೂ ಶ್ರುತಿಗಳು 22, ಆದರೆ ಸ ದಿಂದ ನಿ ವರೆಗೆ ಹಂಚಿಕೆ 4, 3, 2, 4, 4, 3, 2. ಎರಡೂ ಬೇರೆಯೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಭರತನ ಸಾಲನ್ನು ಮಧ್ಯಮದಿಂದ ಎಣಿಸಿದರೆ ತಮಿಳಿನ ಸಾಲೇ ಬರುತ್ತದೆ. ಆಗ ಕುರಲ್ ಎಂದರೆ ಮಧ್ಯಮ, ಇಳಿ ಎಂದರೆ ಷಡ್ಜ. ಕುರಲ್ ಷಡ್ಜವೇ ಎಂದು ಹಿಡಿದವರೂ ಇದ್ದಾರೆ. ಹೀಗೆ ಲೆಕ್ಕ ಸರಿಹೋದರೂ ಹೆಸರಿಗೆ ಹೆಸರು ಹೊಂದಿಸುವ ಜಗಳ ಮುಗಿಯಲಿಲ್ಲ.

ಬರವಣಿಗೆಯ ಹಳೆಯ ಸಾಕ್ಷಿ ಪುದುಕ್ಕೋಟೆ ಬಳಿಯ ಕುಡುಮಿಯಾನ್‌ಮಲೈ ಬಂಡೆಯಲ್ಲಿದೆ. ಸುಮಾರು 7ನೆಯ ಶತಮಾನದ್ದೆಂದು ಹೇಳಲಾಗುವ ಆ ಶಾಸನದಲ್ಲಿ ಒಂದೊಂದು ಸ್ವರಾಕ್ಷರವೂ ಅ, ಇ, ಉ, ಎ ಎಂಬ ನಾಲ್ಕು ಗುಣಿತಗಳಲ್ಲಿ ಬರುತ್ತದೆ. ಈ ಗುಣಿತಗಳು ಸೂಚಿಸುವುದು ಯಾವ ಭೇದವನ್ನು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಇದೇ ಉಪಾಯ 17ನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ಮತ್ತೆ ಕಾಣಿಸುತ್ತದೆ. ಚತುರ್ದಂಡೀಪ್ರಕಾಶಿಕೆಯ ಕರ್ತೃ ವೆಂಕಟಮಖಿ ಕರ್ನಾಟಕ ಮೂಲದ ಗೋವಿಂದ ದೀಕ್ಷಿತರ ಮಗ. 72 ಮೇಳಗಳನ್ನು, ಅಂದರೆ ರಾಗಗಳಿಗೆ ಮೂಲವಾದ ಸ್ವರಸಾಲುಗಳನ್ನು, ಹೊಂದಿಸಲು ಅವನು ರ-ರಿ-ರು, ಗ-ಗಿ-ಗು, ಮ-ಮಿ, ಧ-ಧಿ-ಧು, ನ-ನಿ-ನು ಎಂಬ ಸಂಕೇತಗಳನ್ನು ಬಳಸಿದ. ಕಾಗುಣಿತ ಬಲ್ಲ ಯಾವ ದಕ್ಷಿಣದ ಓದುಗನಿಗೂ ಇದನ್ನು ಅನುವಾದಿಸಬೇಕಿಲ್ಲ. ಹೆಸರುಗಳ ಪಾಡು ಬೇರೆ. ವೆಂಕಟಮಖಿ ಪಂಚಶ್ರುತಿ ರಿಷಭ ಎಂದ ಸ್ವರಸ್ಥಾನವನ್ನು ಬೇರೊಬ್ಬ ಗೋವಿಂದನ ಸಂಗ್ರಹಚೂಡಾಮಣಿ ಚತುಶ್ರುತಿ ರಿಷಭ ಎನ್ನುತ್ತದೆ. ಪಾಠದಲ್ಲಿ ಇಂದು ಉಳಿದಿರುವುದು ಎರಡನೆಯದು. ಹೆಸರೊಳಗಿನ ‘ನಾಲ್ಕು’ ಈಗ ಯಾರೂ ಎಣಿಸದ ನಾಲ್ಕು.

ಇಂಗ್ಲಿಷಿನಲ್ಲಿ ಬರೆದವರು ಶ್ರುತಿಯನ್ನು ‘ಕಾಲು ಸ್ವರ’ ಎಂದು ಕರೆದು ಗೊಂದಲ ಹೆಚ್ಚಿಸಿದರು. ಕಾಲು ಸ್ವರವಾದರೆ ಸ್ಥಾಯಿಗೆ 24 ಸಮಭಾಗಗಳಾಗಬೇಕು. ಗ್ರಂಥದ ಶ್ರುತಿಗಳು 22, ಅವು ಸಮವೇ ಎಂಬುದರಲ್ಲೂ ಒಮ್ಮತವಿಲ್ಲ. ಮದರಾಸಿನ ಚಿನ್ನಸ್ವಾಮಿ ಮುದಲಿಯಾರ್ 1893ರಲ್ಲಿ ಕರ್ಣಾಟಕ ಕೃತಿಗಳನ್ನು ಯುರೋಪಿನ ಐದು ಗೆರೆಯ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಆ ಲಿಪಿಯಲ್ಲಿ ಸ್ವರ ಕೂರುತ್ತದೆ, ಸ್ವರದ ಓಲಾಟ ಕೂರುವುದಿಲ್ಲ.

ಮುದಲಿಯಾರರ ಒತ್ತಾಯಕ್ಕೆ ಒಪ್ಪಿ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಹೊರತಂದ ಸಂಗೀತ ಸಂಪ್ರದಾಯ ಪ್ರದರ್ಶಿನಿ ಈ ಕಥೆಯ ತಿರುಳು. ಗ್ರಂಥದ ಭಾಷೆ ತೆಲುಗು. ಅದರಲ್ಲಿ ಕಂಪಿತ, ಸ್ಫುರಿತ ಮೊದಲಾದ ಶಾಸ್ತ್ರದ ಹೆಸರುಗಳ ಪಕ್ಕದಲ್ಲೇ ನೊಕ್ಕು, ರವೆ, ಒಡುಕ್ಕಲ್, ಒರಿಕೈ, ಏಟ್ರ ಜಾರು, ಇರಕ್ಕ ಜಾರು ಎಂಬ ಮಾತುಗಳು ಬರುತ್ತವೆ. ಇವುಗಳಲ್ಲಿ ಬಹುತೇಕ ತಮಿಳು ನೆಲದ ವೀಣೆಯವರ ಬಾಯಿಂದ ಬಂದವು. ಒಡುಕ್ಕಲ್ ಎಂದರೆ ರಿಷಭದ ಮೆಟ್ಟಿಲ ಮೇಲೇ ತಂತಿಯನ್ನು ಎಳೆದು ಗಾಂಧಾರ ನುಡಿಸುವಂಥ ಕೈಚಳಕ. ದೀಕ್ಷಿತರು ಒಂದೊಂದಕ್ಕೂ ಚಿಹ್ನೆಯಿಟ್ಟರು: ಕಂಪಿತಕ್ಕೆ ಅಲೆಗೆರೆ, ಏರುವ ಜಾರಿಗೆ ಮೇಲ್ಮುಖದ ಓರೆಗೆರೆ, ಇಳಿಯುವುದಕ್ಕೆ ಕೆಳಮುಖದ ಗೆರೆ, ಒಡುಕ್ಕಲಿಗೆ ಗುಣಾಕಾರದ ಗುರುತು. ಶ್ರುತಿ ಎಷ್ಟನೆಯದು ಎಂದು ಹೇಳದೆ ಬೆರಳು ಏನು ಮಾಡಬೇಕೆಂದು ಹೇಳುವ ಈ ವಿಧಾನವೇ ಸೂಕ್ಷ್ಮ ನಾದವನ್ನು ಕಾಗದಕ್ಕಿಳಿಸಿದ ಪ್ರಯತ್ನಗಳಲ್ಲಿ ಹೆಚ್ಚು ಫಲ ಕೊಟ್ಟದ್ದು.

ಗಣಿತದ ದಾರಿ ಹಿಡಿದವರೂ ಸುಮ್ಮನಿರಲಿಲ್ಲ. ಕೆ.ಬಿ. ದೇವಲ್ 1910ರಲ್ಲಿ 22 ಶ್ರುತಿಗಳಿಗೆ ಅನುಪಾತ ಕೊಟ್ಟರು. ಅವರೂ ಕ್ಲೆಮೆಂಟ್ಸ್ ಎಂಬ ಅಧಿಕಾರಿಯೂ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ತಂಜಾವೂರಿನ ಅಬ್ರಹಾಂ ಪಂಡಿತರ್ 1916ರ ಬರೋಡ ಸಮ್ಮೇಳನದಲ್ಲಿ 22ನ್ನು ತಳ್ಳಿಹಾಕಿ 24 ಎಂದು ವಾದಿಸಿದರು. ಮರುವರ್ಷ ಕರುಣಾಮೃತ ಸಾಗರಂ ಪ್ರಕಟಿಸಿದರು. ಶ್ರುತಿಗೆ ಅವರು ಬಳಸಿದ ತಮಿಳು ಪದ ಅಲಗು. ತಮಿಳು ಪರಂಪರೆಯ ಹೆಸರಿನಲ್ಲಿ ಹೊರಟ ವಾದ ಕಡೆಗೆ ಇಂಗ್ಲಿಷರ ‘ಕಾಲು ಸ್ವರ’ದ ಲೆಕ್ಕಕ್ಕೇ ಹತ್ತಿರ ಬಂದು ನಿಂತದ್ದು ವಿಚಿತ್ರ.

ಮದರಾಸಿನ ಸಂಗೀತ ಅಕಾಡೆಮಿ 1961ರಿಂದ ದೀಕ್ಷಿತರ ಗ್ರಂಥವನ್ನು ಸಂಪುಟ ಸಂಪುಟವಾಗಿ ತಮಿಳಿಗೆ ತಂದಿತು. ಒಡುಕ್ಕಲ್, ಒರಿಕೈಗಳಿಗೆ ಅಲ್ಲಿ ಬೇರೆ ಪದ ಹುಡುಕಬೇಕಾಗಲಿಲ್ಲ. ಇಂದಿನ ಕನ್ನಡ, ತಮಿಳು ಪಾಠಪುಸ್ತಕಗಳು ಸ್ವರಾಕ್ಷರಕ್ಕೆ ಅಂಕಿ ಸೇರಿಸಿ ರಿ1, ರಿ2 ಎಂದು ಸ್ಥಾನ ಗುರುತಿಸುತ್ತವೆ. ಗಮಕವನ್ನು, ಅಂದರೆ ಸ್ವರದ ಓಲಾಟವನ್ನು, ಹೆಚ್ಚಾಗಿ ಗುರುಗಳ ಪಾಠಕ್ಕೇ ಬಿಡುತ್ತವೆ.