ಅರಿವು–ವರ್ತನೆ ಚಿಕಿತ್ಸೆ: ಮೂಲತತ್ವಗಳು ಮತ್ತು ಬೀದರ್ ಸೀಮೆಯವರೆಗಿನ ಇತಿಹಾಸ

ಮನಸ್ಸಿನಲ್ಲಿ ಹಾದುಹೋಗುವ ಆಲೋಚನೆ, ಅದರ ಬೆನ್ನಿಗೇ ಏಳುವ ಭಾವನೆ, ದೇಹದಲ್ಲಾಗುವ ಬದಲಾವಣೆ, ಆಮೇಲೆ ಮನುಷ್ಯ ಮಾಡುವ ಅಥವಾ ಮಾಡದೆ ಬಿಡುವ ಕೆಲಸ – ಈ ನಾಲ್ಕೂ ಒಂದನ್ನೊಂದು ಎಳೆಯುತ್ತವೆ ಎಂಬ ತಿಳಿವಳಿಕೆಯ ಮೇಲೆ ನಿಂತ ಮಾತಿನ ಚಿಕಿತ್ಸೆ ಇದು. ಸಿ.ಬಿ.ಟಿ. ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತ. ಖಿನ್ನತೆ, ಆತಂಕ, ಗೀಳುರೋಗ ಮೊದಲಾದವುಗಳಿಗೆ ಬಳಕೆಯಲ್ಲಿದೆ. ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ 12ರಿಂದ 20 ಭೇಟಿಗಳಲ್ಲಿ ಮುಗಿಯುತ್ತದೆ.

ಇದಕ್ಕೆ ಎರಡು ಬೇರುಗಳಿವೆ. ಮೊದಲನೆಯದು ವರ್ತನಾ ಚಿಕಿತ್ಸೆ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಭಯವನ್ನು ಹಂತಹಂತವಾಗಿ ಎದುರಿಸಿ ಕರಗಿಸುವ ಕ್ರಮವನ್ನು 1958ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇನ್ನೊಂದು ಆಲೋಚನೆಯ ಕಡೆಯಿಂದ ಬಂದದ್ದು. ನ್ಯೂಯಾರ್ಕಿನ ಆಲ್ಬರ್ಟ್ ಎಲ್ಲಿಸ್ 1955ರ ಸುಮಾರಿಗೆ ಈ ದಾರಿ ಹಿಡಿದರೆ, ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ (1921–2021) ಅದಕ್ಕೆ ಗಟ್ಟಿ ರೂಪ ಕೊಟ್ಟರು. ಒಳಮುಖವಾದ ಸಿಟ್ಟೇ ಖಿನ್ನತೆ ಎಂಬ ಫ್ರಾಯ್ಡ್ ಸಿದ್ಧಾಂತವನ್ನು ರೋಗಿಗಳ ಕನಸುಗಳಲ್ಲಿ ಸಾಬೀತು ಮಾಡಲು ಬೆಕ್ ಹೊರಟಿದ್ದರು. ಅಲ್ಲಿ ಅವರಿಗೆ ಸಿಟ್ಟು ಕಾಣಲಿಲ್ಲ. ಸೋಲು, ನಷ್ಟಗಳೇ ಕಂಡವು. ತನ್ನ ಬಗ್ಗೆ, ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ ತಾನಾಗಿ ಮೂಡುವ ಕಹಿ ಆಲೋಚನೆಗಳನ್ನು ಅವರು ಗುರುತಿಸಿದ್ದು ಹೀಗೆ. ಕೈಗೆ ಸಿಕ್ಕ ಪುರಾವೆಗೆ ತಲೆಬಾಗಿ ತಾನು ಕಲಿತ ವಿದ್ಯೆಯನ್ನೇ ಬಿಟ್ಟುಕೊಟ್ಟ ಈ ಪ್ರಾಮಾಣಿಕತೆ ಮುಂದೆ ಚಿಕಿತ್ಸೆಯ ಸ್ವಭಾವವೇ ಆಯಿತು. 41 ರೋಗಿಗಳ ಮೇಲೆ ನಡೆದು 1977ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೆಕ್ ಅವರ ಚಿಕಿತ್ಸೆ ಖಿನ್ನತೆಗೆ ಕೊಡುವ ಇಮಿಪ್ರಮಿನ್ ಮಾತ್ರೆಗಿಂತ ಹೆಚ್ಚು ಫಲ ಕೊಟ್ಟಿತು.

ಮೂಲತತ್ವಗಳು ಉದಾಹರಣೆಯಿಂದ ಬೇಗ ತಿಳಿಯುತ್ತವೆ. ಬೀದರ್ ಜಿಲ್ಲೆಯ ಔರಾದ್ ಕಡೆಯ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. ಕೊಯ್ಲಿನ ಹೊತ್ತಿಗೆ ಸುರಿದ ಮಳೆಗೆ ಸೋಯಾ ಹಾಳಾಗಿದೆ, ಸಾಲ ತಲೆಯ ಮೇಲಿದೆ. ಅದು ಘಟನೆ. ‘ನಂದೇ ತಪ್ಪದ, ಮಂದಿಗಿ ಮಾರಿ ಹ್ಯಾಂಗ ತೋರಸ್ಲಿ’ ಎಂಬುದು ಆಲೋಚನೆ. ಆತ ಕಟ್ಟೆಗೆ ಬರುವುದನ್ನು ಬಿಡುತ್ತಾನೆ, ನಿದ್ದೆ ಕೆಡುತ್ತದೆ, ಯಾರೂ ಮಾತಾಡಿಸದಿರುವುದನ್ನು ತನ್ನ ಆಲೋಚನೆಗೆ ಸಾಕ್ಷಿ ಮಾಡಿಕೊಳ್ಳುತ್ತಾನೆ. ಚಿಕಿತ್ಸಕರು ‘ಹಾಗೆಲ್ಲ ಯೋಚಿಸಬೇಡ’ ಎಂದು ಬುದ್ಧಿ ಹೇಳುವುದಿಲ್ಲ. ಪ್ರಶ್ನೆ ಕೇಳುತ್ತಾರೆ: ಪಕ್ಕದ ಹೊಲದವನ ಬೆಳೆ ಉಳಿಯಿತೇ? ಅವನಿಗೂ ಇದೇ ಮಾತು ಹೇಳುತ್ತಿದ್ದೆಯಾ? ಜೊತೆಗೆ ಸಣ್ಣ ಕೆಲಸವೊಂದನ್ನು ಗೊತ್ತುಮಾಡುತ್ತಾರೆ: ನಾಳೆ ಬೆಳಿಗ್ಗೆ ಹೊಲಕ್ಕೊಂದು ಸುತ್ತು, ಸಂಜೆ ಒಬ್ಬ ಗೆಳೆಯನ ಭೇಟಿ. ಹುರುಪು ಬಂದ ಮೇಲೆ ಕೆಲಸವಲ್ಲ, ಕೆಲಸ ಹಿಡಿದ ಮೇಲೆ ಹುರುಪು. ಖಿನ್ನತೆಯಲ್ಲಿ ಚಿಕಿತ್ಸೆ ಸಾಗುವುದು ಈ ಕ್ರಮದಲ್ಲಿ. ಮುಂದಿನ ಭೇಟಿಯಲ್ಲಿ ಇಬ್ಬರೂ ಸೇರಿ ಫಲಿತಾಂಶ ನೋಡುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ರೈತನ ಸಾಲ ನಿಜವಾದ ಸಾಲ, ಆಲೋಚನೆಯ ತಪ್ಪಲ್ಲ. ಬಡತನವನ್ನು ಮನಸ್ಸಿನ ಭ್ರಮೆ ಎನ್ನುವವರು ಈ ಚಿಕಿತ್ಸೆಯನ್ನು ಅರಿತಿಲ್ಲ. ನಿಜವಾದ ಕಷ್ಟಕ್ಕೆ ಇದರಲ್ಲಿ ಸಮಸ್ಯೆ ಬಿಡಿಸುವ ಬೇರೆಯದೇ ಕ್ರಮವಿದೆ: ಕಷ್ಟವನ್ನು ತುಂಡು ಮಾಡುವುದು, ಇರುವ ದಾರಿಗಳನ್ನೆಲ್ಲ ಎದುರಿಗಿಡುವುದು, ಒಂದನ್ನು ಹಿಡಿದು ನೋಡುವುದು.

ಕರ್ನಾಟಕದಲ್ಲಿ ಈ ವಿದ್ಯೆಯ ತವರು ಬೆಂಗಳೂರು. 1954ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮರುವರ್ಷವೇ ಚಿಕಿತ್ಸಾ ಮನೋವಿಜ್ಞಾನದ ತರಬೇತಿ ಶುರುವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ಮೊದಲು ವರ್ತನಾ ಚಿಕಿತ್ಸೆ, ಮುಂದೆ ಸಿ.ಬಿ.ಟಿ. ಅಲ್ಲಿಂದ ಹರಡಿದವು. ಕನ್ನಡದ ಓದುಗರನ್ನು ಇದಕ್ಕೆ ಅಣಿಗೊಳಿಸಿದ್ದು ಪುಸ್ತಕಗಳು. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ದಶಕಗಳ ಕಾಲ ಬರೆದರು.

ಬೀದರಿನ ಕಥೆ ಬೇರೆ. 1956ರ ನವೆಂಬರ್ 1ರವರೆಗೆ ಅದು ಮೈಸೂರು ರಾಜ್ಯಕ್ಕೆ ಸೇರಿರಲಿಲ್ಲ. ಹೈದರಾಬಾದಿನ ಕಡೆಗೇ ಅದರ ಮುಖ. ಇಂದಿಗೂ ಬೆಂಗಳೂರು ಸುಮಾರು 700 ಕಿ.ಮೀ. ದೂರವಾದರೆ ಹೈದರಾಬಾದ್ 150 ಕಿ.ಮೀ. ಒಳಗೇ ಇದೆ. ವಾರವಾರವೂ ಹೋಗಿಬರಬೇಕಾದ ಚಿಕಿತ್ಸೆಗೆ ಈ ದೂರವೇ ದೊಡ್ಡ ತೊಡಕು. ಜಿಲ್ಲಾ ಮಟ್ಟದಲ್ಲಿ ಪರಿಹಾರದ ಮೊದಲ ಪ್ರಯತ್ನ ನಡೆದದ್ದು ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲೇ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಆರಂಭಿಸಿದ ಯೋಜನೆ, 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಅದರ ಒತ್ತು ಮಾತ್ರೆಯ ಮೇಲಿತ್ತು, ಮಾತಿನ ಚಿಕಿತ್ಸೆಗೆ ಜಾಗ ಕಡಿಮೆ. 2014ರ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ಏರ್ಪಾಡು ಮಾಡಿತು. ಭಾಲ್ಕಿ, ಔರಾದಿನಂಥ ಊರುಗಳಿಗೆ ಬೇಕಾದದ್ದು ಇಂಥದ್ದೇ. ಬೀದರ್ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್ ಇದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ಗೆ ಕನ್ನಡದಲ್ಲೇ ಕರೆ ಮಾಡಬಹುದು.

ಉಳಿದಿರುವುದು ಭಾಷೆಯ ಪ್ರಶ್ನೆ. ಔರಾದಿನಲ್ಲಿ ಮನೆಮಾತು ಎಷ್ಟೋ ಕಡೆ ಮರಾಠಿ, ಬೀದರಿನ ಪೇಟೆಯಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಸೀಮೆ ಇದು. ತಾನಾಗಿ ಮೂಡುವ ಆಲೋಚನೆ ಮನೆಮಾತಿನಲ್ಲೇ ಮೂಡುತ್ತದೆ. ಅದನ್ನು ಚಿಕಿತ್ಸೆಯಲ್ಲಿ ಬಳಸುವ ಅಚ್ಚಾದ ಇಂಗ್ಲಿಷ್ ಪಟ್ಟಿಯಲ್ಲಿ ತುಂಬಿಸಲು ಹೇಳುವುದು ಓದುಬರಹ ಬಾರದ ತಾಯಿಗೆ ಬಾಗಿಲು ಮುಚ್ಚಿದ ಹಾಗೆ. ಬಾಯಿಮಾತಿನಲ್ಲಿ, ಊರಿನವರಿಂದಲೇ ಈ ಚಿಕಿತ್ಸೆ ಸಾಧ್ಯ ಎಂಬುದಕ್ಕೆ ಆಧಾರವಿದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಸುರಿ–ಬಾಣಂತಿಯರ ಖಿನ್ನತೆಗೆ ಇದೇ ತತ್ವಗಳನ್ನು ಬಳಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೆರಿಗೆಯಾದ ಆರು ತಿಂಗಳಿಗೆ ಖಿನ್ನತೆ ಉಳಿದದ್ದು ಈ ನೆರವು ಪಡೆದವರಲ್ಲಿ ಶೇ. 23, ಉಳಿದವರಲ್ಲಿ ಶೇ. 53. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ ಆಪ್ತಸಲಹೆಗಾರರು ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಟ್ಟ, 2017ರಲ್ಲಿ ಪ್ರಕಟವಾದ ಪ್ರಯೋಗವೂ ಅದೇ ದಿಕ್ಕನ್ನು ತೋರಿಸಿತು. ಬೀದರಿನ ಆಶಾ ಕಾರ್ಯಕರ್ತೆಯರು ಈಗಾಗಲೇ ಬಸುರಿ–ಬಾಣಂತಿಯರ ಮನೆಗಳಿಗೆ, ಅವರ ಮನೆಮಾತಿನಲ್ಲೇ ಮಾತಾಡುತ್ತ ಹೋಗುತ್ತಿದ್ದಾರೆ.