ಮದ್ದು ಬಿಡುವ ಮುನ್ನ ಒಂದು ಚೀಟಿ

ಮೊನ್ನೆ ಅಕ್ಕ ಕ್ಯಾಲಿಫೋರ್ನಿಯಾದಿಂದ ಒಂದು ಫೋಟೋ ಕಳಿಸಿದ್ದಳು. ಮಗಳ ಶಾಲೆಯಿಂದ ಬಂದ ಪತ್ರ. ಈ ವರ್ಷ ಶಾಲೆಯಲ್ಲಿ ಇರುವೆಗೆ, ಜಿರಳೆಗೆ, ಕಳೆಗೆ ಯಾವ್ಯಾವ ಮದ್ದು ಬಳಸಬಹುದು ಅನ್ನೋ ಪಟ್ಟಿ. ಕೆಳಗೆ, ‘ಪ್ರತಿ ಸಲವೂ ಮೊದಲೇ ತಿಳಿಸಬೇಕಿದ್ದರೆ ಹೆಸರು ಬರೆಸಿ’ ಅಂತ. "ನೋಡೋ, ಇರುವೆ ಮದ್ದಿಗೂ ನನಗೆ ನೋಟೀಸು!" ಅಂದಳು ಅಕ್ಕ. ನನಗೂ ನಗು ಬಂತು. ಆಮೇಲೆ ಇದೆಲ್ಲಿಂದ ಶುರುವಾಯ್ತು ಅಂತ ಹುಡುಕುತ್ತಾ ಕೂತೆ. ನಗು ನಿಂತುಹೋಯ್ತು.

1998ರಲ್ಲಿ ಲಾಸ್ ಏಂಜಲೀಸ್‌ನ ಒಂದು ಶಾಲೆಯಲ್ಲಿ, ಬೆಳಿಗ್ಗೆ ಮಕ್ಕಳು ಒಳಗೆ ಹೋಗ್ತಿರುವಾಗಲೇ ಕಳೆನಾಶಕ ಹೊಡೀತಿದ್ರಂತೆ. ಆಸ್ತಮಾ ಇದ್ದ ಒಬ್ಬ ಪುಟ್ಟ ಹುಡುಗನ ಮೇಲೂ ಅದು ಬಿತ್ತು. ಅವನ ತಾಯಿ ಸುಮ್ಮನಿರಲಿಲ್ಲ. ಮರುವರ್ಷ, 1999ರಲ್ಲಿ, ಅಲ್ಲಿನ ಶಾಲಾ ಆಡಳಿತ ತನ್ನ ಕೀಟನಾಶಕ ನೀತಿಯನ್ನೇ ಬದಲಿಸಿತು. 2000ರಲ್ಲಿ ಇಡೀ ರಾಜ್ಯಕ್ಕೆ ‘ಹೆಲ್ದಿ ಸ್ಕೂಲ್ಸ್ ಆಕ್ಟ್’ ಬಂತು.

ಕಾನೂನು ಸರಳ. ವರ್ಷಕ್ಕೊಮ್ಮೆ ಎಲ್ಲ ಪೋಷಕರಿಗೂ ಸಿಬ್ಬಂದಿಗೂ ಮದ್ದುಗಳ ಪಟ್ಟಿ ಕಳಿಸಬೇಕು. ಹೆಸರು ಬರೆಸಿದವರಿಗೆ 72 ಗಂಟೆ ಮೊದಲು ತಿಳಿಸಬೇಕು. ಹೊಡೆಯುವ ಜಾಗದಲ್ಲಿ 24 ಗಂಟೆ ಮೊದಲೇ ಬೋರ್ಡು ಹಾಕಬೇಕು, ಆಮೇಲೂ 72 ಗಂಟೆ ಅದು ಅಲ್ಲೇ ಇರಬೇಕು. ಬಳಸಿದ್ದರ ದಾಖಲೆ ನಾಲ್ಕು ವರ್ಷ ಇಡಬೇಕು, ಕೇಳಿದವರಿಗೆ ತೋರಿಸಬೇಕು. (ಜೆಲ್, ಡಬ್ಬಿಯೊಳಗಿನ ವಿಷದಂಥವಕ್ಕೆ ವಿನಾಯಿತಿ ಇದೆ.)

2000 ಅಂದ ಕೂಡಲೇ ನಮ್ಮ ಕಡೆಯವರಿಗೆ ಬೇರೆಯೇ ನೆನಪು. ನಮ್ಮದು ಪುತ್ತೂರಿನ ಹತ್ತಿರ. ಗಡಿ ದಾಟಿದರೆ ಕೇರಳದ ಕಾಸರಗೋಡು ಜಿಲ್ಲೆ, ಅಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆ. ನಮ್ಮ ಹಾಗೇ ಕನ್ನಡ, ತುಳು ಮಾತಾಡೋ ಊರು. ಗುಡ್ಡದ ಮೇಲೆ ಸರ್ಕಾರಿ ನಿಗಮದ ಗೇರು ತೋಟ. ಕೆಳಗೆ ಮನೆ, ಬಾವಿ, ತೋಡು, ಸುರಂಗ, ಶಾಲೆ. ಆ ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟರು. ಕೊನೆಯ ಸಲ ಬಿಟ್ಟದ್ದು 2000ದ ಡಿಸೆಂಬರಿನಲ್ಲಿ. ಅಲ್ಲಿ ಕಾನೂನು ಬಂದ ವರ್ಷವೇ.

ಹಾಗಂತ ನಮ್ಮಲ್ಲಿ ಕಾನೂನು ಇರಲಿಲ್ಲವಾ? ಇತ್ತು ಸ್ವಾಮಿ! 1971ರ ಕೀಟನಾಶಕ ನಿಯಮಗಳ 43ನೇ ನಿಯಮ. ವಿಮಾನದಿಂದ ಮದ್ದು ಬಿಡುವುದಾದರೆ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ, ಜಾನುವಾರು ಆ ಜಾಗಕ್ಕೆ ಹೋಗದಂತೆ ತಡೀಬೇಕು ಅಂತ. ಆದರೆ ಮನೆಯೇ ಆ ಜಾಗದಲ್ಲಿದ್ದರೆ ಎಲ್ಲಿಗೆ ಹೋಗೋದು? ಬಾವಿ ಮುಚ್ಚಬಹುದು. ಹರಿಯೋ ತೋಡನ್ನು?

ಊರಿನ ವೈದ್ಯ ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಏನೋ ಸರಿಯಿಲ್ಲ ಅಂತ 1990ರ ದಶಕದಲ್ಲೇ ಗಮನಿಸಿ ಬರೆದರು. ಕೃಷಿ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತೋಟದ ಬುಡದ ಹಳ್ಳಿಯ 117 ಶಾಲಾ ಹುಡುಗರಿದ್ದರು. ಮದ್ದು ಬೀಳದ ಕಡೆಯ 90 ಹುಡುಗರಿಗಿಂತ ಇವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಯಾವ ಕಾಯಿಲೆಗೆ ಎಷ್ಟರಮಟ್ಟಿಗೆ ಅದೇ ಕಾರಣ ಅನ್ನೋ ವಾದ ಇನ್ನೂ ಮುಗಿದಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ ಕೇರಳಕ್ಕೆ ಹೇಳಿತು.

ಅಂದರೆ ಅಕ್ಕನಿಗೆ ಮಾಹಿತಿ ಬಂದದ್ದು ಮೊದಲೇ, ಒಂದು ಚೀಟಿಯಾಗಿ. ಪಡ್ರೆಯ ಅಮ್ಮಂದಿರಿಗೆ ಬಂದದ್ದು ಆಮೇಲೆ, ಮಕ್ಕಳ ರಕ್ತದ ರಿಪೋರ್ಟಾಗಿ.

ನಾವು ಸಾಫ್ಟ್‌ವೇರಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಲಾಗ್ ಇಲ್ಲದಿದ್ದರೆ ತಪ್ಪು ಎಲ್ಲಾಯ್ತು ಅಂತ ಹುಡುಕೋದೇ ಕಷ್ಟ. ಚೀಟಿ ವಿಷವನ್ನೇನೂ ತಡೆಯಲ್ಲ. ಆದರೆ ಯಾವತ್ತು, ಎಲ್ಲಿ, ಏನು ಹೊಡೆದರು ಅನ್ನೋದು ಅಮ್ಮನ ಕೈಯಲ್ಲಿದ್ದರೆ, ಮಗುವಿಗೆ ಕೆಮ್ಮು ಬಂದಾಗ ಡಾಕ್ಟರ ಮುಂದೆ ಹೇಳೋಕೆ ಒಂದು ಹೆಸರಿರುತ್ತೆ. ಮುಂದೆ ಕೇಳೋಕೆ ಒಂದು ಪ್ರಶ್ನೆ ಇರುತ್ತೆ. 2025ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ, ಹೊಲಗಳಲ್ಲಿ ನಿರ್ಬಂಧಿತ ಮದ್ದು ಬಿಡೋ ಮೊದಲು ಮೊಬೈಲಿಗೇ ಸಂದೇಶ ಕಳಿಸೋ ‘ಸ್ಪ್ರೇಡೇಸ್’ ಶುರು ಮಾಡಿತು. ಸಾಮಾನ್ಯವಾಗಿ ಎಷ್ಟು ಹೊತ್ತು ಮೊದಲು ಗೊತ್ತಾ? 24 ಗಂಟೆ! ನಾವು 1971ರಲ್ಲೇ ಬರೆದಿಟ್ಟದ್ದು.

ನಿಮ್ಮ ಮಕ್ಕಳ ಶಾಲೆಯಲ್ಲಿ ಗೆದ್ದಲಿಗೋ ಸೊಳ್ಳೆಗೋ ಮದ್ದು ಹೊಡೆದಾಗ ಯಾರಾದರೂ ಮೊದಲೇ ಹೇಳಿದ್ದಾರಾ? ಹೇಳಿದ್ದರೆ ಬರೀರಿ. ಹೇಳದಿದ್ದರೆ, ನಾಳೆ ಬೆಳಿಗ್ಗೆ ಗೇಟಿನ ಹತ್ತಿರ ಒಮ್ಮೆ ಕೇಳಿ ನೋಡಿ.