ಐದನೇ ತಿಂಗಳ ಚರಿತ್ರೆ

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ರಾಜರು ಹುಟ್ಟುತ್ತಾರೆ, ಪಟ್ಟಕ್ಕೆ ಬರುತ್ತಾರೆ, ಸಾಯುತ್ತಾರೆ. ಅವರನ್ನು ಹೊತ್ತ ಹೊಟ್ಟೆಗಳ ಸುದ್ದಿ ಅಲ್ಲಿಲ್ಲ. ಇನ್ನು ಆ ರಾಜರ ಗದ್ದೆಗಳಲ್ಲಿ ಬಗ್ಗಿ ನಾಟಿ ಹಾಕಿದ ಬಸುರಿಯರ ಸುದ್ದಿ ಎಲ್ಲಿಂದ ಬರಬೇಕು? ಹೆರಿಗೆಯಲ್ಲಿ ಸತ್ತವರ ಲೆಕ್ಕವನ್ನಾದರೂ ಸರ್ಕಾರ ಇಡುತ್ತದೆ. ನಾವು ಕೇಳಹೊರಟಿರುವುದು ಅದಕ್ಕೂ ಹಿಂದಿನ ದಿನಗಳನ್ನು. ವಾಂತಿ ನಿಂತು, ಹೆರಿಗೆ ಇನ್ನೂ ದೂರವಿರುವ ನಾಲ್ಕು, ಐದು, ಆರು, ಏಳನೇ ತಿಂಗಳುಗಳನ್ನು. ಕೂಸು ಮೊದಲ ಸಲ ಮಿಸುಕಾಡುವುದು ಆಗ. ಹೊಟ್ಟೆ ಸೆರಗಿನ ಮರೆ ಬಿಟ್ಟು ಈಚೆ ಬರುವುದು ಆಗ. 'ಇನ್ನೂ ದಿನ ಇದೆಯಲ್ಲ, ಕೆಲಸಕ್ಕೆ ಬಾ' ಅಂತ ಒಡೆಯ ಅನ್ನುವುದೂ ಆಗಲೇ.

ಈ ತಿಂಗಳುಗಳಿಗೆ ವೈದಿಕರು ಶಾಸ್ತ್ರ ಮಾಡಿಟ್ಟಿದ್ದಾರೆ. ಗೃಹ್ಯಸೂತ್ರಗಳ ಪ್ರಕಾರ ಮೂರನೇ ತಿಂಗಳಿಗೆ ಪುಂಸವನ. ಹೆಸರೇ ಹೇಳುವಂತೆ ಅದು ಗಂಡು ಹುಟ್ಟಲಿ ಅಂತ ಮಾಡುವ ಕರ್ಮ. ಆಮೇಲೆ ಸೀಮಂತೋನ್ನಯನ. ನಾಲ್ಕನೇ ತಿಂಗಳು ಅಂತ ಆಶ್ವಲಾಯನ. ಆರು, ಎಂಟು ಅಂತ ಬೇರೆಯವರು. ಗಂಡ ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಬೈತಲೆ ತೆಗೆಯಬೇಕು. ಬಸುರಿಯನ್ನು ಸಂತೋಷವಾಗಿಡಬೇಕು ಎಂಬ ಒಳ್ಳೆಯ ಮಾತೂ ಅದರಲ್ಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಯಾವ ಬಸುರಿಯನ್ನು? ಶೂದ್ರನಿಗೆ ಸಂಸ್ಕಾರಕ್ಕೆ ಅರ್ಹತೆಯಿಲ್ಲ ಎಂದು ಮನು ಬರೆದಿಟ್ಟ. ಶೂದ್ರನಿಗೇ ಇಲ್ಲವೆಂದ ಮೇಲೆ ಊರಾಚೆಯವರ ಮಾತೆಲ್ಲಿ? ಕಣ್ಣು ಬಿಡುವ ಮೊದಲೇ, ಇನ್ನೂ ಅಂಗೈಯಷ್ಟು ಇದ್ದಾಗಲೇ, ಕೂಸಿನ ವರ್ಣ ತೀರ್ಮಾನವಾಗಿ ಹೋಗಿತ್ತು.

ಶಾಸ್ತ್ರ ಹೊರಗಿಟ್ಟರೂ ನಮ್ಮ ಜನ ಸುಮ್ಮನಿರಲಿಲ್ಲ. ಬಡಗಣದ ಜಿಲ್ಲೆಗಳಲ್ಲಿ ಕುಬಸ ಮಾಡಿದರು, ತೆಂಕಣದಲ್ಲಿ ಹೂ ಮುಡಿಸಿದರು, ಮಡಲಕ್ಕಿ ಕಟ್ಟಿದರು. ಹಸಿರು ಗಾಜಿನ ಬಳೆ ತೊಡಿಸಿ, ಬಯಕೆ ಊಟ ಬಡಿಸಿ, ಅಕ್ಕಪಕ್ಕದ ಹೆಂಗಸರು ಹಾಡು ಹೇಳಿದರು. ಮಂತ್ರವಿಲ್ಲ, ಪುರೋಹಿತನಿಲ್ಲ, ಎಲ್ಲ ಹೆಂಗಸರದೇ ಕಾರುಬಾರು. ಆದರೆ ಇದನ್ನು ಹೊಗಳುತ್ತಾ ಕೂರುವುದು ನಮ್ಮ ಕೆಲಸವಲ್ಲ. ಇದ್ದವರ ಮನೆಯಲ್ಲಿ ಅದು ಹಬ್ಬ, ಇಲ್ಲದವರ ಮನೆಯಲ್ಲಿ ಅದು ಸಾಲ. ಬಳೆಯ ಕಾಸಿಗೂ ಗತಿಯಿಲ್ಲದ ಎಷ್ಟೋ ಬಸುರಿಯರಿಗೆ ಅವ್ವ ತಂದುಕೊಟ್ಟ ಒಂದು ಹಿಡಿ ಕಡಲೆಪುರಿಯೇ ಕುಬಸ.

ಇನ್ನು ಬಯಕೆ. ಕಾವ್ಯಗಳಲ್ಲಿ ರಾಣಿಯರ ಬಯಕೆ ತೀರಿಸಲು ರಾಜರು ಎದ್ದು ಓಡುತ್ತಾರೆ. ಆ ರಾಣಿಯರ ಪಾಡಾದರೂ ಏನು? ಲಕ್ಷ್ಮೀಶನ ಜೈಮಿನಿ ಭಾರತವನ್ನು ಪಾಠ ಮಾಡುವ ಮೇಷ್ಟ್ರುಗಳಿಗೆ ಗೊತ್ತಿದೆ: ಬಸುರಿ ಸೀತೆ ಕಾಡು ನೋಡುವ ಬಯಕೆ ಪಟ್ಟಳು, ಆ ಬಯಕೆಯೇ ಅವಳನ್ನು ಕಾಡಿಗೆ ಅಟ್ಟುವುದಕ್ಕೆ ನೆಪವಾಯಿತು. ಅರಮನೆಯ ಬಸುರಿಗೇ ಹೀಗೆ. ಹಟ್ಟಿಯ ಬಸುರಿ ಏನನ್ನು ಬಯಸಿದಳು? ಕೆಮ್ಮಣ್ಣು, ಒಲೆಯ ಬೂದಿ, ಹಸಿ ಅಕ್ಕಿ, ಮಡಕೆಯ ಚೂರು. 'ಬಸುರಿ ಮಣ್ಣು ತಿಂತಾಳೆ' ಅಂತ ನಗುವವರಿದ್ದರು, ಹಾಡು ಕಟ್ಟಿದವರೂ ಇದ್ದರು. ಮಣ್ಣು ತಿನ್ನುವ ಈ ಚಪಲಕ್ಕೂ ಮೈಯಲ್ಲಿ ಕಬ್ಬಿಣದಂಶ ಕಡಿಮೆಯಾಗುವುದಕ್ಕೂ ನಂಟಿದೆ ಎಂದು ವೈದ್ಯರು ಹೇಳುತ್ತಾರೆ. ನಾವು ಬಯಕೆ ಅಂತ ಕರೆದದ್ದರಲ್ಲಿ ಎಷ್ಟೋ ಪಾಲು ಹಸಿವೇ ಇತ್ತು.

ಹೊಟ್ಟೆ ಕಾಣಿಸತೊಡಗುವ ಈ ಕಾಲದ ಭಯ ಎಲ್ಲರಿಗೂ ಒಂದೇ ಥರ ಇರಲಿಲ್ಲ. ಮಂತ್ರವುಳ್ಳ ಜಾತಿಗಳ ವಿಧವೆಯರಿಗೆ ಅದು ಪ್ರಾಣಭಯ. ಮೂರು ನಾಲ್ಕು ತಿಂಗಳು ಮುಚ್ಚಿಡಬಹುದು. ಐದಕ್ಕೆ ಸೆರಗು ಸಾಲದು. ಆಮೇಲೆ ಬಾವಿ, ಇಲ್ಲವೇ ಕೂಸಿನ ಕತ್ತು ಹಿಸುಕುವುದು. 1863ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಇಂಥವರಿಗಾಗಿ ಮನೆ ತೆರೆದರು. ಗುಟ್ಟಾಗಿ ಬಂದು ಹೆತ್ತು ಹೋಗಿ, ಕೂಸನ್ನು ಬೇಕಾದರೆ ಕರೆದೊಯ್ಯಿರಿ, ಬೇಡವಾದರೆ ಬಿಟ್ಟು ಹೋಗಿ ಎಂದು ಊರ ಗೋಡೆಗಳಿಗೆ ಚೀಟಿ ಅಂಟಿಸಿದರು. ಅಲ್ಲಿಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗನನ್ನೇ ದತ್ತು ತೆಗೆದುಕೊಂಡು ಯಶವಂತ ಎಂದು ಸಾಕಿದರು. ಮಾಲಿ ಜಾತಿಯ ದಂಪತಿ ಬ್ರಾಹ್ಮಣ ಬಸುರಿಯ ಮಾನ ಕಾಯಬೇಕಾಯಿತು. ಮಂತ್ರ ಹೇಳುವವರು ಆಗ ಎಲ್ಲಿದ್ದರು ಅಂತ ಕೇಳಬಾರದು, ಬೇಜಾರಾಗುತ್ತಾರೆ.

ಊರ ಬಸುರಿಯರನ್ನು ನೋಡಿಕೊಂಡವರು ಯಾರು? ನಾಡಿನ ಅನೇಕ ಕಡೆ ಕೆಳಜಾತಿಗಳ ಸೂಲಗಿತ್ತಿಯರು. ಐದನೇ ತಿಂಗಳಲ್ಲಿ ಹೊಟ್ಟೆಗೆ ಹರಳೆಣ್ಣೆ ಸವರಿ, ಅಂಗೈಯಲ್ಲೇ ಕೂಸಿನ ತಲೆ ಎಲ್ಲಿದೆ, ಬೆನ್ನು ಎತ್ತ ತಿರುಗಿದೆ ಅಂತ ತಿಳಿಯುತ್ತಿದ್ದವರು ಅವರು. ಜನನಸೂತಕ ಸುಳ್ಳು ಅಂತ ಹನ್ನೆರಡನೇ ಶತಮಾನದ ಶರಣರು ಹೇಳಿದ್ದರೂ ಊರು ಅದನ್ನು ಬಿಡಲಿಲ್ಲ. ಆ ಸೂತಕದ ಕೆಲಸಕ್ಕೆ ಇವರು ಬೇಕು. ಹೊಕ್ಕುಳಬಳ್ಳಿ ಕತ್ತರಿಸುವ ತನಕ ಮುಟ್ಟಿಸಿಕೊಳ್ಳುತ್ತಿದ್ದ ಮನೆ, ಪುಣ್ಯಾಹವಾದ ಮೇಲೆ ಅದೇ ಕೈಗೆ ಮೇಲಿಂದ ನೀರು ಹೊಯ್ಯುತ್ತಿತ್ತು. ಪಾವಗಡ ತಾಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನಿಗೆ ಸರ್ಕಾರ 2018ರಲ್ಲಿ ಪದ್ಮಶ್ರೀ ಕೊಟ್ಟಿತು. ಅದೇ ವರ್ಷದ ಕೊನೆಗೆ ಆ ತಾಯಿ ತೀರಿಕೊಂಡರು. ಬದುಕಿನುದ್ದಕ್ಕೂ ಸಾವಿರಾರು ಹೆರಿಗೆ ಮಾಡಿಸಿದ ಕೈ ಅದು. ಹೆಸರೇ ಇಲ್ಲದೆ ಹೋದ ಸೂಲಗಿತ್ತಿಯರು ಎಷ್ಟು ಸಾವಿರವೋ.

ಈಗ 1928ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಆ ವರ್ಷದ ಜುಲೈನಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಮುಂದೆ ಗಿರಣಿ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ ಬಂತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಆದ್ದರಿಂದ ಆ ಸಭೆಯ ಮಾತು ನಮಗೂ ಸೇರಿದ್ದು. ಮಸೂದೆಯ ಪರ ನಿಂತು ಮಾತಾಡಿದವರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಒಬ್ಬರು. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿರಾಮ ಸಿಗುವುದು ದೇಶದ ಹಿತಕ್ಕೇ ಬೇಕು ಎಂಬುದು ಅವರ ವಾದ. ಹೊರೆಯ ಬಹುಪಾಲನ್ನು ಸರ್ಕಾರ ಹೊರಬೇಕು. ಆದರೆ ಲಾಭ ಕಂಡೇ ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ ಎಂದರು. 'ಮುಂಚೆಯೂ' ಎಂಬ ಮಾತನ್ನು ಗಮನಿಸಿ. ಹೊಟ್ಟೆಯಲ್ಲಿ ಕೂಸು ಇರುವಾಗಿನ ದುಡಿಮೆ ಹೆಂಗಸಿನ ಸ್ವಂತ ಹಣೆಬರಹವಲ್ಲ, ರಾಜ್ಯ ಉತ್ತರ ಹೇಳಬೇಕಾದ ಸಂಗತಿ ಎಂದು ಕಾನೂನು ಸಭೆಯಲ್ಲಿ ಹೇಳಿದ ಮಾತು ಅದು.

ಹೀಗೆ ಹೇಳಿದವರ ಮನೆಯ ಸ್ಥಿತಿಯನ್ನೂ ನೆನೆಯಬೇಕು. ರಮಾಬಾಯಿ ಐದು ಮಕ್ಕಳನ್ನು ಹೆತ್ತರು. ಯಶವಂತ ಒಬ್ಬ ಉಳಿದ. ಕೊನೆಯ ಕೂಸು ರಾಜರತ್ನ ಸತ್ತದ್ದು 1926ರ ಜುಲೈನಲ್ಲಿ, ಪರಿಷತ್ತಿನ ಆ ಮಾತಿಗೆ ಸರಿಯಾಗಿ ಎರಡು ವರ್ಷ ಮುಂಚೆ. ವಿಲಾಯತಿಯ ಪದವಿಗಳನ್ನು ತಂದವರ ಮನೆಯಲ್ಲೇ ಹೀಗಾದರೆ ಚಾಳುಗಳಲ್ಲಿದ್ದವರ ಪಾಡು ಏನಿರಬೇಕು!

ಮುಂಬಯಿಯ ಕಾಯ್ದೆ 1929ರಲ್ಲಿ ಬಂತು. ಗಿರಣಿಗಳಲ್ಲಿ ಹೆಂಗಸರು ಹೆಚ್ಚಾಗಿ ನೂಲು ಸುತ್ತುವ ವಿಭಾಗಗಳಲ್ಲಿ ದುಡಿಯುತ್ತಿದ್ದರು. ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರಿಗೆ ಪ್ರವೇಶವೇ ಇರಲಿಲ್ಲ. ಲಾಳಿಯ ದಾರವನ್ನು ಬಾಯಿಂದ ಹೀರಬೇಕಲ್ಲ, ಎಂಜಲಾಗುತ್ತದೆ! ಕೂಲಿ ಹೆಚ್ಚಿದ್ದದ್ದು ಅಲ್ಲಿ. ಕಾಯ್ದೆ ಬಂದ ಮೇಲೆ ಮಾಲೀಕರು ಹೊಸ ಉಪಾಯ ಹುಡುಕಿದರು. ಬಸುರಿನ ಸುಳಿವು ಸಿಕ್ಕ ಕೂಡಲೇ ಕೆಲಸದಿಂದ ಬಿಡಿಸುವುದು. ಭತ್ಯೆಗೆ ಹೆದರಿ ಹೊಟ್ಟೆ ಮುಚ್ಚುವ ಕಾಲ ಹೀಗೆ ಗಿರಣಿಗೂ ಬಂತು. ವಿಧವೆ ಮುಚ್ಚಿದ್ದು ಮಾನಕ್ಕೆ, ಇವಳು ಮುಚ್ಚಿದ್ದು ಕೂಲಿಗೆ.

ಅದೇ 1928ರಲ್ಲಿ, ಅದೇ ಮುಂಬಯಿಗೆ, ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದಳು. ಬಟ್ಟೆ ಗಿರಣಿಗಳ ಬಡ ಬಸುರಿಯರು ರಕ್ತ ನೀರಾಗಿ ಸಾಯುತ್ತಿದ್ದರು. ಯಾಕೆ ಎಂದು ಹುಡುಕುವುದು ಅವಳ ಕೆಲಸ. ಅದು ಅಂಟುರೋಗವಲ್ಲ, ತಟ್ಟೆಯ ರೋಗ ಎಂದು ಆಕೆ ಕಂಡುಕೊಂಡಳು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟಾಗ ಬಸುರಿಯರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದಳು. ಅದರೊಳಗಿದ್ದ ಸತ್ವವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಎಲೆಯಿಂದ ಬಂದದ್ದರಿಂದ ಫೋಲಿಕ್ ಆಸಿಡ್ ಎಂಬ ಹೆಸರು ಬಂತು. ಇವತ್ತು ಬಸುರಿಯರಿಗೆ ಕೊಡುವ ಗುಳಿಗೆಯಲ್ಲಿ ಕಬ್ಬಿಣದ ಜೊತೆ ಇರುವುದು ಅದೇ. ಜಗತ್ತಿನ ಎಷ್ಟೋ ಬಸುರಿಯರು ನುಂಗುವ ಆ ಗುಳಿಗೆಯ ಹಿಂದೆ ಮುಂಬಯಿ ಗಿರಣಿಯ ಹೆಂಗಸರ ರಕ್ತವಿದೆ. ಇದು ಬರೀ ಮಾತಿನ ಅಲಂಕಾರವಲ್ಲ.

ನಡು ತಿಂಗಳುಗಳಲ್ಲಿ ಬಸುರಿಯ ರಕ್ತದ ಪ್ರಮಾಣ ಏರುತ್ತಾ ಹೋಗುತ್ತದೆ. ರಕ್ತಕ್ಕೆ ಬೇಕಾದ್ದು ತಟ್ಟೆಯಲ್ಲಿ ಇಲ್ಲದಿದ್ದರೆ ಅದು ತೆಳುವಾಗುತ್ತದೆ. ನಮ್ಮವರ ತಟ್ಟೆಯಲ್ಲಿ ಏನಿತ್ತು? ಒಡೆಯರ ಬದುವಿನಲ್ಲಿ ಕಿತ್ತ ಬೆರಕೆಸೊಪ್ಪು ಇತ್ತು, ರಾಗಿ ಇತ್ತು, ಸಿಕ್ಕಾಗ ದನದ ಬಾಡು, ಈಲಿ ಇತ್ತು. ಕಬ್ಬಿಣದಂಶ ಮೈಗೆ ಸುಲಭವಾಗಿ ಹತ್ತುವುದು ಈ ಬಾಡಿನಿಂದಲೇ ಎಂದು ವಿಜ್ಞಾನ ಹೇಳುತ್ತದೆ. ಅದನ್ನೇ ತೋರಿಸಿ ನಮ್ಮನ್ನು ಹೊಲೆಯೆಂದರು. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಎತ್ತು, ಹೋರಿಗಳಿಗೂ ಚಾಚಿಕೊಂಡಿತು. ಬಸುರಿಯ ತಟ್ಟೆಯ ಬಗ್ಗೆ ಆಗ ಶಾಸನಸಭೆಯಲ್ಲಿ ಎಷ್ಟು ಚರ್ಚೆಯಾಯಿತು ಎಂದು ಹುಡುಕುವ ಕೆಲಸವನ್ನು ವಿದ್ಯಾರ್ಥಿ ಗೆಳೆಯರಿಗೆ ಬಿಡುತ್ತೇವೆ.

ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಗಣಿ ಹೆಂಗಸರ ಹೆರಿಗೆ ಭತ್ಯೆಯ ಕಾಯ್ದೆಗೆ ತಿದ್ದುಪಡಿ ತಂದರು. ಸ್ವಾತಂತ್ರ್ಯದ ನಂತರ 1961ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ಇದರ ಲೆಕ್ಕವನ್ನು ಬೆರಳು ಮಡಚಿ ನೋಡೋಣ. 12 ವಾರಗಳ ರಜೆ. ಹೆರಿಗೆಗೆ ಮುಂಚೆ ಹೆಚ್ಚೆಂದರೆ 6 ವಾರ. ಆ 6 ವಾರಗಳ ಹಿಂದಿನ ಒಂದು ತಿಂಗಳು, ಬಸುರಿ ಕೇಳಿಕೊಂಡರೆ, ಕಷ್ಟದ ಕೆಲಸ ಕೊಡಕೂಡದು. 2017ರ ತಿದ್ದುಪಡಿಯಲ್ಲಿ ರಜೆ 26 ವಾರಕ್ಕೆ ಏರಿತು, ಮುಂಚಿನ ರಜೆ 8 ವಾರವಾಯಿತು. 2020ರಲ್ಲಿ ಸಂಸತ್ತು ಇದನ್ನೆಲ್ಲ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿತು. ಬಸುರು ಸುಮಾರು 40 ವಾರ. 40ರಲ್ಲಿ 8 ಕಳೆದರೆ 32. ಕಾಯ್ದೆಯ ರಜೆ ಶುರುವಾಗುವ ಹೊತ್ತಿಗೆ ಏಳು ತಿಂಗಳು ತುಂಬಿರುತ್ತದೆ. ಅಲ್ಲಿಯ ತನಕ? ಬಸುರಿನಿಂದ ಕಾಯಿಲೆ ಬಿದ್ದಳು ಅಂತ ಡಾಕ್ಟರು ಬರೆದುಕೊಟ್ಟರೆ ಒಂದು ತಿಂಗಳು. ಇಲ್ಲವಾದರೆ ಏನೂ ಇಲ್ಲ. ಶಾಸ್ತ್ರದವರು ನಾಲ್ಕು, ಆರು ಅಂತ ತಿಂಗಳು ಎಣಿಸಿ ಬೈತಲೆ ತೆಗೆದರು. ಕಾಯ್ದೆ ಮಾಡಿದವರಿಗೆ ಆ ತಿಂಗಳುಗಳು ಕಾಣಲೇ ಇಲ್ಲ.

ಇಷ್ಟಾದರೂ ಇದು ಕಾರ್ಖಾನೆ, ಗಣಿ, ತೋಟ, ಕಚೇರಿಗಳ ಮಾತು. ಹೊಲದ ಕೂಲಿಯವಳು ಇದರ ಆಚೆ. ಅವಳ ಲೆಕ್ಕ ವಾರದ್ದಲ್ಲ, ಬೆಳೆಯದ್ದು. ಮುಂಗಾರಿನ ಜೂನ್‌ನಲ್ಲಿ ಮುಟ್ಟು ನಿಂತರೆ ಆರು, ಏಳನೇ ತಿಂಗಳು ಬೀಳುವುದು ನವೆಂಬರ್, ಡಿಸೆಂಬರಿಗೆ. ಅದು ರಾಗಿ ಕೊಯ್ಲಿನ ಕಾಲ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಹಣ್ಣು ಕೀಳುವ ಕಾಲ. ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ಕಾಣುವುದು ಆಗಲೇ, ಬಾಣಂತನಕ್ಕೆ ಕೂಡಿಡಬೇಕಾದದ್ದೂ ಆಗಲೇ. ನಡು ತಿಂಗಳ ಸಿದ್ಧತೆ ಅಂದರೆ ಅವಳಿಗೆ ಕುಡುಗೋಲು ಹಿಡಿದು ಬಗ್ಗುವುದು. ಹೊಟ್ಟೆ ಬಗ್ಗಗೊಡುವುದಿಲ್ಲ, ಹೊಟ್ಟೆಪಾಡು ಬಿಡುವುದಿಲ್ಲ. ಗಂಡ ಜೀತಕ್ಕಿದ್ದರೆ ಒಡೆಯನ ಕೊಟ್ಟಿಗೆ ಕಸವೂ ಅವಳದೇ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಕೊಟ್ಟಿಗೆಗಳಿಗೆ ಆ ಸುದ್ದಿ ತಡವಾಗಿ ಮುಟ್ಟಿತು.

ಸರ್ಕಾರ ಹಟ್ಟಿಯ ಬಸುರಿಯತ್ತ ತಿರುಗಿದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಅದರಲ್ಲೊಂದು ನಮ್ಮ ತಿ.ನರಸೀಪುರ, ಅಲ್ಲಿ 100 ಅಂಗನವಾಡಿ ತೆರೆದರು. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಗುಳಿಗೆ ಎಂಬ ನಿಯಮವೂ ಬಂತು. ಕೊಟ್ಟರು, ನುಂಗಿದರೇ? 'ಮಗು ಕರ್ರಗಾಗ್ತದೆ', 'ಮಗು ದೊಡ್ಡದಾಗಿ ಹೆರೋಕಾಗಲ್ಲ' ಅಂತ ಗುಳಿಗೆ ತಿಪ್ಪೆ ಸೇರಿದ್ದುಂಟು. ಇದೇ ಹೆದರಿಕೆಗೆ ಊಟ ಕಡಿಮೆ ಮಾಡುವುದೂ ಉಂಟು. ಇದನ್ನು ಅಜ್ಞಾನ ಅಂತ ಬಯ್ಯುವವರಿಗೆ ನಾವು ಹೇಳುವುದಿಷ್ಟೆ: ಆಸ್ಪತ್ರೆ ಹತ್ತು ಮೈಲಿ ದೂರ ಇದ್ದಾಗ ದೊಡ್ಡ ಕೂಸು ಅಂದರೆ ತಾಯಿಯ ಸಾವು. ಆ ಹೆದರಿಕೆಗೆ ಕಾರಣವಿತ್ತು. ಗುಳಿಗೆಯ ಜೊತೆ ಅದನ್ನು ಬಿಡಿಸಿ ಹೇಳುವ ಮನುಷ್ಯರು ಬೇಕಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು. ಲೂಸಿ ವಿಲ್ಸ್ ಬಂದು ಹೋಗಿ ತೊಂಬತ್ತು ವರ್ಷವಾಗಿತ್ತು.

2013ರ ಆಹಾರ ಭದ್ರತಾ ಕಾಯ್ದೆ ಬಸುರಿಗೆ 6000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕೆಂದಿತು. 2017ರಲ್ಲಿ ಜಾರಿಗೆ ಬಂದ ಯೋಜನೆ ಅದನ್ನು ಮೊದಲ ಮಗುವಿಗೆ 5000 ಅಂತ ಕಂತುಗಳಲ್ಲಿ ಇಳಿಸಿತು. 2022ರಿಂದ ಎರಡನೆಯದು ಹೆಣ್ಣಾದರೆ ಅದಕ್ಕೂ ಕೊಡುತ್ತೇವೆಂದರು. ಮೂರನೇ ಬಸುರಿಗೆ ಹಸಿವಾಗುವುದಿಲ್ಲವೇನೋ! ಅದೇ 2017ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಮಾತೃಪೂರ್ಣ ಎಂದು ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಕೊಡತೊಡಗಿತು. ಒಳ್ಳೆಯದೇ. ಆದರೆ ಮಧ್ಯಾಹ್ನದ ಹೊತ್ತು ಕೂಲಿಯವಳು ಹೊಲದಲ್ಲಿರುತ್ತಾಳೆ. ಊಟ ಬೇಕೆಂದರೆ ಕೂಲಿ ಬಿಡಬೇಕು, ಕೂಲಿ ಬೇಕೆಂದರೆ ಊಟ ಬಿಡಬೇಕು.

ನಡುವೆ ಒಂದು ಗೆಲುವಿದೆ, ಅದನ್ನು ಹೇಳಲೇಬೇಕು. ದೆಹಲಿಯಲ್ಲಿ ರಸ್ತೆ ಅಗೆಯುವ, ಕಲ್ಲು ಹೊರುವ ದಿನಗೂಲಿ ಹೆಂಗಸರು, ಖಾಯಂ ನೌಕರರಿಗಿರುವ ಹೆರಿಗೆ ರಜೆ ನಮಗೂ ಬೇಕು ಎಂದು ನಗರಪಾಲಿಕೆಯ ವಿರುದ್ಧ ನಿಂತರು. 2000ದ ಮಾರ್ಚ್ 8ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಕಾಯ್ದೆ ಮಸ್ಟರ್ ರೋಲ್ ಹೆಂಗಸರಿಗೂ ಸಲ್ಲುತ್ತದೆ ಎಂದಿತು. ಪಂಚಾಯ್ತಿ, ಪಾಲಿಕೆಗಳಲ್ಲಿ ದಿನಗೂಲಿಗಿರುವ ನಮ್ಮ ಅಕ್ಕತಂಗಿಯರಿಗೆ ಈ ತೀರ್ಪನ್ನು ಓದಿ ಹೇಳಿ.

ಹಳ್ಳಿಯ ಮೇಷ್ಟ್ರುಗಳಿಗೆ ಇನ್ನೊಂದು ಕೆಲಸ. ನಿಮ್ಮ ಶಾಲೆಯ ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ: ಐದನೇ ತಿಂಗಳಲ್ಲಿ ಯಾರ ಹೊಲದಲ್ಲಿದ್ದೆ? ಕೂಲಿ ಏನು ಕೊಟ್ಟರು? ಏನು ಉಂಡೆ? ಹೊಟ್ಟೆ ಮುಟ್ಟಿ ನೋಡಿದ್ದು ಯಾರು? ಎಷ್ಟು ಹೆತ್ತೆ, ಎಷ್ಟು ಉಳಿದವು? ಉತ್ತರಗಳನ್ನು ಅವರು ಹೇಳಿದ ಮಾತಿನಲ್ಲೇ, ತಿದ್ದದೆ ಕಳಿಸಿ. ಅಚ್ಚು ಮಾಡೋಣ.